ಸಿಟ್ಟಿನ ಪರೀಕ್ಷೆಯಲ್ಲಿ ಯಮನೂರ

ಆ ವರ್ಷ ಯುಗಾದಿಗೂ ಗಣೇಶನ ಹಬ್ಬಕ್ಕೂ ನಡುವೆ ಪೀಣ್ಯ ಎರಡನೇ ಹಂತದ ಪ್ರೆಸ್ ಫ್ಯಾಕ್ಟರಿಯೊಂದರಲ್ಲಿ ಅರ್ಧ ಕಿವಿ, ಒಂದು ಹೆಗಲ ಮೂಳೆ ಮತ್ತು ಸೂಪರ್‌ವೈಸರ್ ನರಸಿಂಹಯ್ಯನ ಮುಂದಿನ ಹಲ್ಲುಗಳು ಹೋದವು. ಕಿವಿ ಹೋದದ್ದು ಕ್ಯಾಂಟೀನಿನ ಸಾಲಿನಲ್ಲಿ, ಮೊದಲು ಬಂದವರು ಯಾರು ಎಂಬ ಚರ್ಚೆ ಕಚ್ಚಾಟಕ್ಕೆ ತಿರುಗಿದಾಗ. ಮೂಳೆ ಹೋದದ್ದು ಸ್ಕ್ರ್ಯಾಪ್ ಗುಡ್ಡೆಯ ಹಿಂದೆ. ಕಾರಣ ಏನೆಂದು ಆಮೇಲೆ ಇಬ್ಬರಿಗೂ ನೆನಪಿರಲಿಲ್ಲ. ಹಲ್ಲಿನ ಕಾರಣ ಮಾತ್ರ ಎಲ್ಲರಿಗೂ ಗೊತ್ತಿತ್ತು. ನರಸಿಂಹಯ್ಯ ಒಬ್ಬ ಆಪರೇಟರನ ತಾಯಿಯ ಬಗ್ಗೆ ಒಂದು ಮಾತಾಡಿದ. ಆಪರೇಟರ್ ಕೈಲಿದ್ದ ಸ್ಪ್ಯಾನರಿನಿಂದ ಆ ಮಾತು ಹೊರಟ ಜಾಗಕ್ಕೇ ಬಾರಿಸಿ, ನಲ್ಲಿಯಲ್ಲಿ ಕೈ ತೊಳೆದುಕೊಂಡು, ಜಾಲಹಳ್ಳಿ ಕ್ರಾಸಿನ ತನಕ ಆರಾಮವಾಗಿ ನಡೆದುಹೋಗಿ ಬಸ್ಸು ಹತ್ತಿದ. ಮತ್ತೆ ಯಾರಿಗೂ ಕಾಣಿಸಲಿಲ್ಲ.

ಪ್ರೆಸ್ಸಿನಡಿ ಹೋದ ಬೆರಳುಗಳನ್ನು ಯಾರೂ ಈ ಲೆಕ್ಕಕ್ಕೆ ಸೇರಿಸಲಿಲ್ಲ. ಅದು ಹೊಡೆದಾಟವಲ್ಲ, ಪ್ರೊಡಕ್ಷನ್.

ಪ್ರೆಸ್ಸಿಗೆ ಎರಡು ಬಟನ್ನು. ಎರಡು ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಕೆಳಗಿಳಿಯಬೇಕು, ಆಗ ಕೈ ಒಳಗಿರುವುದಿಲ್ಲ ಎಂದು ಮಷೀನು ಮಾಡಿದವನ ಯೋಚನೆ. ಅವನಿಗೆ ಟಾರ್ಗೆಟ್ ಇರಲಿಲ್ಲ. ಇಲ್ಲಿ ಒಂದು ಬಟನ್ನಿಗೆ ತಂತಿ ಸುತ್ತಿ ಕಾಯಂ ಒತ್ತಿಟ್ಟಿದ್ದರು. ಒಂದು ಕೈ ಬಟನ್ನಿಗೆ, ಇನ್ನೊಂದು ಕೈ ತಗಡಿಗೆ, ಕೆಲಸ ಬೇಗ. ಶ್ರಾವಣದಲ್ಲಿ ಕಾಡಪ್ಪನ ಬಲಗೈಯ ಎರಡು ಬೆರಳು ತಗಡಿನ ಜೊತೆ ಬಾಗಿಲ ಹಿಂಜಿನ ಆಕಾರಕ್ಕೆ ಬಂದವು. ಪಕ್ಕದ ಪ್ರೆಸ್ಸಿನಲ್ಲಿ ಕೂತಿದ್ದ ಯಮನೂರ ಅದನ್ನು ಕಣ್ಣಾರೆ ನೋಡಿದ. ಇಬ್ಬರೂ ಕೊಪ್ಪಳದ ಕಡೆಯ ಒಂದೇ ಊರಿನವರು, ರಾಜಗೋಪಾಲನಗರದ ಒಂದೇ ರೂಮಿನಲ್ಲಿ ಇನ್ನೂ ಹಲವರ ಜೊತೆ ಮಲಗುವವರು. ಕಾಡಪ್ಪ ಬ್ಯಾಂಡೇಜಿನ ಕೈಯಲ್ಲಿ ಪೊರಕೆ ಹಿಡಿದು ಸ್ಕ್ರ್ಯಾಪು ಗುಡಿಸುವವನಾದ. ಅಂದಿನಿಂದ ಯಮನೂರನಿಗೆ ಬೇಕಾಗಿದ್ದದ್ದು ಒಂದೇ: ಹತ್ತೂ ಬೆರಳು ಇರುವಾಗಲೇ ಪ್ರೆಸ್ಸು ಬಿಟ್ಟು ಏಳಬೇಕು. ಬಿಟ್ಟು ಊರಿಗೆ ಹೋಗುವಂತಿರಲಿಲ್ಲ. ಬೆಂಗಳೂರಿನಲ್ಲೇ, ಬೆರಳು ಕೇಳದ ಒಂದು ಕೆಲಸ.

ಅಂಥ ಕೆಲಸ ಅಲ್ಲಿ ಒಂದೇ ಇತ್ತು. ಗೇಟಿನ ವಾಚ್‌ಮನ್ ತಂಗಿಯ ಮದುವೆಗೆಂದು ಅಸ್ಸಾಮಿಗೆ ಹೋದವನು ಅಲ್ಲೇ ಉಳಿದುಬಿಟ್ಟಿದ್ದ. ಅವನ ಕುರ್ಚಿ ಶೀಟಿನ ನೆರಳಲ್ಲಿ ಖಾಲಿ ಬಿದ್ದಿತ್ತು. ಶಿಫ್ಟಿಗೆ ಹೋಗುವಾಗ ಬರುವಾಗ ಎಲ್ಲರೂ ಅದನ್ನು ಒಮ್ಮೆ ನೋಡಿಯೇ ಮುಂದೆ ಹೋಗುತ್ತಿದ್ದರು.

ಫ್ಯಾಕ್ಟರಿಯ ಯಜಮಾನ ಬಾಲಾಜಿ ಎರಡನೇ ತಲೆಮಾರಿನವನು. ಅವನ ತಂದೆಯಾಗಿದ್ದರೆ ಹಲ್ಲಿನ ಪ್ರಕರಣಕ್ಕೆ ಒಂದು ಹೋಮ ಮಾಡಿಸಿ ಸುಮ್ಮನಾಗುತ್ತಿದ್ದರು. ಬಾಲಾಜಿ ಎಂಬಿಎ ಓದಿದ್ದರಿಂದ ಮನಶ್ಶಾಸ್ತ್ರದವರನ್ನು ಕರೆಸಿದ.

ಬಂದವಳು ಧನಲಕ್ಷ್ಮಿ. ಖಾಸಗಿ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಎಂ.ಎ. ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದಳು. ಅಂದರೆ ಲೆಕ್ಕಕ್ಕೆ ಹೆದರಿ ಮನಶ್ಶಾಸ್ತ್ರಕ್ಕೆ ಬಂದವರನ್ನು ಅಲ್ಲೂ ಬಿಡದೆ ಹಿಡಿಯುವ ಕೆಲಸ. ಪಿಎಚ್‌ಡಿ ಅರ್ಧಕ್ಕೆ ನಿಂತಿತ್ತು. ವಿಷಯ ಕಾರ್ಮಿಕರ ಸಿಟ್ಟು, ಕೊರತೆ ಕಾರ್ಮಿಕರದು. ಒಂದೇ ಸೂರಿನಡಿ ಇಷ್ಟು ಜನ ಸಿಟ್ಟಿನವರು ಸಿಗುತ್ತಾರೆಂದು ಕೇಳಿ ಆಟೋ ಹತ್ತಿ ಬಂದಳು.

"ಮೇಡಂ, ಕಾರಣ ಗೀರಣ ನಂಗ್ ಬೇಡ," ಎಂದ ಬಾಲಾಜಿ. "ನೆಕ್ಸ್ಟ್ ಯಾರು ಹೊಡೀತಾನೆ ಅಂತ ಹೇಳ್ಬಿಡಿ ಸಾಕು."

"ಹಾಗೆ ಒಬ್ಬೊಬ್ಬರ ಹೆಸರು ಹೇಳೋಕೆ ಬರಲ್ಲ ಸಾರ್. ಯಾವ ಪರಿಸ್ಥಿತಿಯಲ್ಲಿ ಸಿಟ್ಟು ಜಾಸ್ತಿ ಆಗತ್ತೆ ಅಂತ ಹೇಳಬಹುದು. ಇನ್ನೊಂದು, ಯಾರ ಹೆಸರೂ ನಿಮಗೆ ಕೊಡಲ್ಲ. ಅದು ನಮ್ಮ ನಿಯಮ."

"ಆಯ್ತು, ನಿಯಮ ಅಂದ್ರೆ ನಿಯಮ," ಎಂದ ಬಾಲಾಜಿ, ನಿಯಮಗಳ ಜೊತೆ ಬಹುಕಾಲ ಬಾಳಿದವನ ಧಾಟಿಯಲ್ಲಿ.

ಮಧ್ಯಾಹ್ನ ಶಿಫ್ಟು ಬದಲಾಗುವಾಗ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂರಿಸಿ ಹಾಳೆ, ಪೆನ್ನು ಹಂಚಿದರು. ಹಾಳೆಯಲ್ಲಿ ಸಾಲು ಸಾಲು ವಾಕ್ಯ: ಯಾರಾದರೂ ಕೆಣಕಿದರೆ ನಾನು ಕೈ ಎತ್ತುತ್ತೇನೆ. ಸಿಟ್ಟು ಬಂದಾಗ ಕೈಗೆ ಸಿಕ್ಕಿದ್ದನ್ನು ಎಸೆಯುತ್ತೇನೆ. ನನ್ನನ್ನು ಕಂಡರೆ ಜನ ಹೆದರುತ್ತಾರೆ. ಪ್ರತಿ ವಾಕ್ಯದ ಮುಂದೆ ಒಂದರಿಂದ ಐದು. ಒಂದು ಎಂದರೆ ಎಂದೂ ಇಲ್ಲ, ಐದು ಎಂದರೆ ಯಾವಾಗಲೂ. ಕೊನೆಯಲ್ಲಿ ಜಿಲ್ಲೆ ಯಾವುದು, ಓವರ್‌ಟೈಮು ಎಷ್ಟು ಗಂಟೆ, ರೂಮಿನಲ್ಲಿ ಎಷ್ಟು ಜನ ಎಂಬ ಪ್ರಶ್ನೆಗಳು.

"ಇದರಲ್ಲಿ ಸರಿ ಉತ್ತರ, ತಪ್ಪು ಉತ್ತರ ಅಂತ ಇಲ್ಲ," ಎಂದು ಧನಲಕ್ಷ್ಮಿ ಗಟ್ಟಿಯಾಗಿ ಹೇಳಿದಳು. "ನಿಮ್ಮ ಮನಸ್ಸಿಗೆ ಅನ್ನಿಸಿದ್ದು ಬರೀರಿ. ಹೆಸರು ಹಾಕಬೇಡಿ."

ಜೀವಮಾನದಲ್ಲಿ ಒಂದಾದರೂ ಪರೀಕ್ಷೆ ಬರೆದಿದ್ದ ಯಾರೂ ಆ ಮಾತು ನಂಬಲಿಲ್ಲ.

ಕಾಡಪ್ಪ ಎಡಗೈಯಲ್ಲಿ ಪೆನ್ನು ಹಿಡಿದು ಓದಿದ. "ನನ್ನನ್ನು ಕಂಡರೆ ಜನ ಹೆದರುತ್ತಾರೆ. ಲೇ ಯಮನೂರ, ಇದು ಗೇಟಿನ ಕೆಲಸದ್ದ ಐತಿ. ವಾಚ್‌ಮನ್ ಹಿಡಿಯಾಕತ್ತಾರ."

"ಹೌದಲೇ?"

"ಮತ್ತ? ಹಿಂಜು ಮಾಡವನಿಗೆ ಜನ ಹೆದರಿದ್ರೇನ, ಬಿಟ್ರೇನ?"

ಯಮನೂರನಿಗೂ ಅದು ನಿಜವೆನ್ನಿಸಿತು. "ಹೆಸರ ಬ್ಯಾಡ ಅಂದ್ರಲ್ಲಪಾ. ಮತ್ತ ಹ್ಯಾಂಗ ಗುರ್ತ ಹಿಡಿತಾರ?"

"ಮ್ಯಾಲ ನಂಬರ ಐತಲ್ಲ. ಹಾಲ್ ಟಿಕೆಟ್ಟದು. ನೀ ಏನ್ ಬರ್ದಿ?"

"ಎಲ್ಲಾದಕ್ಕೂ ಐದು."

"ಊರಾಗ ಹೇಂತಿ ದನಿ ಎತ್ತಿದ್ರ ಹಿತ್ತಲಕ್ಕ ಓಡತಿ. ಐದು ಬರಿತಾನಂತ ಐದು!"

"ಹೇಂತಿ ಸುದ್ದಿ ಕೇಳಿಲ್ಲ ಇಲ್ಲಿ. ನೀನೂ ಐದ ಬರಿ, ಸುಮ್ಮ ಕುಂಡ್ರು."

ಮಾತು ಬೆಂಚಿನಿಂದ ಬೆಂಚಿಗೆ ಹರಿಯಿತು. ದಿನಾ ಓವರ್‌ಟೈಮು ಮಾಡುವವರು, ಒಂದು ರೂಮಿನಲ್ಲಿ ಸಾಲಾಗಿ ಮಲಗುವವರು, ಯಾರಿಗೆ ಪ್ರೆಸ್ಸಿನ ಸದ್ದು ಕನಸಿನಲ್ಲೂ ಕೇಳುತ್ತದೋ ಅವರೆಲ್ಲ ಕೈ ಗಟ್ಟಿಮಾಡಿ ಐದರ ಸುತ್ತ ಸುತ್ತಿದರು. ದಾಸರಹಳ್ಳಿಯ ಸ್ವಂತ ಮನೆಯಿಂದ ಬೈಕಿನಲ್ಲಿ ಬರುತ್ತಿದ್ದವರಿಗೆ ಗೇಟಿನ ಕುರ್ಚಿ ಬೇಕಿರಲಿಲ್ಲ. ಎರಡು, ಮೂರು ಎಂದು ಗುರುತು ಹಾಕಿ ಎದ್ದರು. ನರಸಿಂಹಯ್ಯ ಹೊಸ ಹಲ್ಲಿನ ಸೆಟ್ಟು ಕಟಗುಟ್ಟಿಸುತ್ತ ಎಲ್ಲದಕ್ಕೂ ಒಂದು ಹಾಕಿದ. ಅಂದು ಬೆಳಿಗ್ಗೆ ತಾನೇ ಒಬ್ಬ ಹೆಲ್ಪರನ ಕಿವಿಯ ಮೇಲೆ ಬಾರಿಸಿದ್ದ. ಅದು ಸಿಟ್ಟೆಂದು ಅವನಿಗೆ ಹೊಳೆದಿರಲಿಲ್ಲ.

ಎರಡು ವಾರ ಧನಲಕ್ಷ್ಮಿ ಕಂಪ್ಯೂಟರಿನ ಮುಂದೆ ಸುಖವಾಗಿದ್ದಳು. ಮೊದಲು ಒಂದೇ ಕಾರಣ ಇಟ್ಟುಕೊಂಡು ನೋಡಿದಳು. ಅಡ್ಡಕ್ಕೆ ಓವರ್‌ಟೈಮಿನ ಗಂಟೆ, ಉದ್ದಕ್ಕೆ ಸಿಟ್ಟಿನ ಅಂಕ. ಒಬ್ಬೊಬ್ಬನಿಗೆ ಒಂದೊಂದು ಚುಕ್ಕಿ. ಆಗಸಕ್ಕೆ ಎರಚಿದ ಅಕ್ಕಿಯಂಥ ಚುಕ್ಕಿಗಳ ನಡುವೆ, ಎಲ್ಲ ಚುಕ್ಕಿಗೂ ಆದಷ್ಟು ಹತ್ತಿರ ಹಾಯುವ ಒಂದೇ ನೇರ ಗೆರೆ ಎಳೆಯಬೇಕು. ಅದೇ ಸರಳ ರಿಗ್ರೆಷನ್. ಗೆರೆ ಮೇಲಕ್ಕೆ ಏರಿತು: ಗಂಟೆ ಹೆಚ್ಚಾದಂತೆ ಸಿಟ್ಟು ಹೆಚ್ಚು. ಜಿಲ್ಲೆ ಇಟ್ಟು ನೋಡಿದಳು. ಅಲ್ಲೂ ಏರಿತು: ಉತ್ತರ ಕರ್ನಾಟಕದವರ ಸಿಟ್ಟು ಬಲು ಮೇಲೆ. ಆಮೇಲೆ ಗಂಟೆ, ಜಿಲ್ಲೆ, ರೂಮಿನಲ್ಲಿ ಎಷ್ಟು ಜನ ಮಲಗುತ್ತಾರೆ, ಎಲ್ಲವನ್ನೂ ಒಟ್ಟಿಗೆ ಹಾಕಿದಳು. ಉಳಿದವು ಅಲ್ಲಾಡದೆ ನಿಂತಿದ್ದರೆ ಒಂದೊಂದರ ಪಾಲು ಎಷ್ಟು ಎಂದು ಬೇರೆ ಬೇರೆ ಮಾಡಿ ತೋರಿಸುವ ಬಹು ರಿಗ್ರೆಷನ್. ಜಿಲ್ಲೆಯ ಪಾಲು ಕರಗಿ ಸೊನ್ನೆಯ ಹತ್ತಿರಕ್ಕೆ ಬಂತು. ಒಂದೇ ರೂಮು, ಅಷ್ಟೇ ಗಂಟೆ ಕೊಟ್ಟರೆ ಕೊಪ್ಪಳದವನೂ ಕೋಲಾರದವನೂ ಒಂದೇ. ಧನಲಕ್ಷ್ಮಿಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಸಮಾಜಕ್ಕೆ ಹೇಳಲು ಒಂದು ಒಳ್ಳೆಯ ಮಾತು, ಅದೂ ಲೆಕ್ಕದಿಂದಲೇ ಬಂದದ್ದು, ಪ್ರತಿದಿನ ಸಿಗುವುದಿಲ್ಲ.

ಪ್ರೊಜೆಕ್ಟರ್ ಹಾಕಿ ಅದನ್ನೇ ಬಾಲಾಜಿಗೂ ನರಸಿಂಹಯ್ಯನಿಗೂ ವಿವರಿಸಿದಳು. ಕೊನೆಯಲ್ಲಿ ಸಮೀಕರಣ ತೋರಿಸಿದಳು: ಗಂಟೆಗೆ ಇಷ್ಟು, ರೂಮಿನ ತಲೆಗೆ ಇಷ್ಟು, ಕೂಡಿದರೆ ಅಂದಾಜು ಸಿಟ್ಟು.

"ಕೆಳಗೆ ಪಾಯಿಂಟ್ ಮೂರು ಒಂದು ಅಂತ ಇದೆಯಲ್ಲ, ಅದೇನು?" ಎಂದ ಬಾಲಾಜಿ.

"ಆರ್ ಸ್ಕ್ವೇರ್ ಸಾರ್. ಒಬ್ಬನಿಗೂ ಇನ್ನೊಬ್ಬನಿಗೂ ಸಿಟ್ಟಿನಲ್ಲಿ ಇರೋ ವ್ಯತ್ಯಾಸದಲ್ಲಿ ನೂರಕ್ಕೆ ಮೂವತ್ತೊಂದು ಭಾಗಕ್ಕೆ ಈ ಕಾರಣಗಳು ಲೆಕ್ಕ ಕೊಡತ್ವೆ. ಉಳಿದ ಅರವತ್ತೊಂಬತ್ತು ನಮಗೆ ಗೊತ್ತಿಲ್ಲ."

ಬಾಲಾಜಿ ಯೋಚಿಸಿದ. "ಮೂವತ್ತೊಂದು. ಮೂವತ್ತೈದಕ್ಕೆ ಪಾಸು. ನಾಕು ಗ್ರೇಸ್ ಮಾರ್ಕ್ಸ್ ಕೊಟ್ರೆ ಆಯ್ತು ಬಿಡಿ."

"ಹಾಗಲ್ಲ ಸಾರ್. ಗುಂಪಿನ ಬಗ್ಗೆ ಇದು ಒಳ್ಳೇ ಮಾತೇ. ಆದ್ರೆ ಒಬ್ಬ ಮನುಷ್ಯ ಗೆರೆಯಿಂದ ಎಷ್ಟು ದೂರ ಬೇಕಾದ್ರೂ ಇರಬಹುದು. ಓವರ್‌ಟೈಮ್ ಕಮ್ಮಿ ಮಾಡಿ, ರೂಮಲ್ಲಿ ಜನ ಕಮ್ಮಿ ಮಾಡಿ. ಇಷ್ಟೇ ನಾನು ಹೇಳೋದು."

"ಮಾಡೋಣ, ಮಾಡೋಣ. ಆ ಸಮೀಕರಣ ಮಾತ್ರ ಮೇಲ್ ಮಾಡ್ಬಿಡಿ."

ಅವಳು ಮಾತು ಕೊಟ್ಟಂತೆ ಒಂದು ಹೆಸರನ್ನೂ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. ಗಂಟೆಗಳು ಬಾಲಾಜಿಯ ಹಾಜರಿ ಮಷೀನಿನಲ್ಲೇ ಇದ್ದವು. ರೂಮಿನ ತಲೆಗಳ ಲೆಕ್ಕ ಲೇಬರ್ ಕಂಟ್ರಾಕ್ಟರ್ ಮುನಿರಾಜುವಿನ ಬಾಯಲ್ಲಿತ್ತು. ಆಳುಗಳನ್ನು ಕಳಿಸುವವನೂ ಅವನೇ, ರಾಜಗೋಪಾಲನಗರದಲ್ಲಿ ಅವರಿಗೆ ರೂಮು ಕೊಡುವವನೂ ಅವನೇ. ಅವನ ತಾತನ ರಾಗಿ ಹೊಲದ ಮೇಲೆ ಈಗ ಫ್ಯಾಕ್ಟರಿಯ ಕಕ್ಕಸು ನಿಂತಿತ್ತು. ಆ ವಿಷಯವನ್ನು ಅವನು ಪ್ರತಿ ಸಲ ಒಳಗೆ ಹೋಗಿ ಬಂದಾಗಲೂ ನೆನೆಸುತ್ತಿದ್ದ. ಬಾಲಾಜಿ ಎರಡು ಅಂಕಿಗಳನ್ನೂ ಎಕ್ಸೆಲ್‌ಗೆ ಹಾಕಿ ಸಮೀಕರಣ ಎಳೆದ. ಅಂದಾಜು ಸಿಟ್ಟು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಬಂತು. ಎಲ್ಲರಿಗಿಂತ ಮೇಲೆ ಯಮನೂರ. ಅವನ ಕೆಳಗೆ, ಅದೇ ರೂಮಿನವನಾದ್ದರಿಂದ, ಕಾಡಪ್ಪ.

"ಅಯ್ಯೋ, ಆ ಯಮನೂರನಾ?" ಎಂದ ನರಸಿಂಹಯ್ಯ. "ಬೈದ್ರೂ ನಗ್ತಾನೆ ಸಾರ್ ಅವನು."

"ಒಳಗಿಟ್ಕೊಂಡಿರ್ತಾನೆ. ಅಂಥೋರೇ ಡೇಂಜರ್," ಎಂದ ಬಾಲಾಜಿ. "ಹಲ್ಲು ಹೋಗೋಕಿಂತ ಮುಂಚೆನೂ ನೀವು ಹಿಂಗೇ ಅಂದಿದ್ರಿ. ಒಂದ್ಸಲ ಕರೆದು ವಾರ್ನ್ ಮಾಡಿ."

ನರಸಿಂಹಯ್ಯನಿಗೆ ವಾರ್ನ್ ಮಾಡುವುದೆಂದರೆ ಒಂದೇ ಅರ್ಥ. ಹೊಡೆಯುವ ಮೊದಲೇ ಹೊಡೆದುಬಿಟ್ಟರೆ ಹೊಡೆಯುವುದಿಲ್ಲ. ಮುನಿರಾಜುವಿಗೆ ಫೋನು ಮಾಡಿದ; ಮುನಿರಾಜು ಜೊತೆಗೊಬ್ಬ ದಾಂಡಿಗನನ್ನು ಕರೆತಂದ.

ಬುಧವಾರ ಊಟದ ಬಿಡುವಿನಲ್ಲಿ ಡೈ ಸ್ಟೋರಿಗೆ ಬರಬೇಕೆಂದು ಯಮನೂರನಿಗೆ ಹೇಳಿ ಕಳಿಸಿದರು. ಹಿಂದಿನ ದಿನವೇ ಹೇಳಿ ತಪ್ಪು ಮಾಡಿದರು. ತಯಾರಾಗಲು ಸಮಯ ಸಿಕ್ಕಿತು. ಕಾಡಪ್ಪ ತನ್ನ ಬಿಳಿ ಶರ್ಟನ್ನು ಇಸ್ತ್ರಿ ಮಾಡಿಸಿ ಕೊಟ್ಟ. ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದ. "ಎದಿ ಮುಂದ ಮಾಡಿ ನಿಂದ್ರು. ಕೇಳಿದ್ದಕ್ಕ ಜೋರ್ಲೆ ಉತ್ತರ ಕೊಡು. ಪೊಲೀಸ್ ಭರ್ತಿಗೂ ಹಿಂಗ ಕೇಳತಾರ."

ಡೈ ಸ್ಟೋರಿನಲ್ಲಿ ಕಬ್ಬಿಣದ ಅಚ್ಚುಗಳು ಗೋಡೆಯುದ್ದಕ್ಕೂ ಪೇರಿಸಿದ್ದವು. ಯಮನೂರ ಒಳಗೆ ಬಂದು ನಮಸ್ಕಾರ ಮಾಡಿದ. ದಾಂಡಿಗ ಬಾಗಿಲು ಹಾಕಿದ. ಸಂದರ್ಶನಕ್ಕೆ ಬಾಗಿಲು ಹಾಕುವುದು ಸಹಜವೇ.

"ಬಾಪ್ಪ," ಎಂದ ನರಸಿಂಹಯ್ಯ. "ನಿನ್ ಬಗ್ಗೆ ರಿಪೋರ್ಟ್ ಬಂದಿದೆ. ಎಲ್ಲಾರ್ಗಿಂತ ಮೇಲೆ ನೀನೇ ಇದೀಯ."

ಯಮನೂರನ ಮುಖ ಅರಳಿತು. "ನಿಮ್ಮ ಆಶೀರ್ವಾದ್ರಿ ಸರ."

"ನಗ್ತಾವ್ನೆ ನೋಡಣ್ಣ," ಎಂದ ಮುನಿರಾಜು. ಕೈಯಲ್ಲಿ ದಪ್ಪ ರಬ್ಬರ್ ಹೋಸಿನ ತುಂಡೊಂದಿತ್ತು. "ಏನ್ಲಾ, ವಡೀತೀಯಂತೆ?"

"ವ್ಯಾಳ್ಯಾ ಬಂದ್ರ ಬಡಿತೀನ್ರಿ ಅಣ್ಣಾರ. ಯಾರ ಬರ್ಲಿ, ಬಿಡಂಗಿಲ್ರಿ."

ಸಂದರ್ಶನ ಅಲ್ಲಿಗೆ ಮುಗಿಯಿತು. ಮೊದಲ ಏಟು ಮೀನಖಂಡಕ್ಕೆ ಬಿತ್ತು. ಎರಡನೆಯದು ಬೆನ್ನಿಗೆ; ಇಸ್ತ್ರಿಯ ಶರ್ಟು ಅಡ್ಡಡ್ಡಕ್ಕೆ ಹರಿದು ಒಳಗಿನ ಚರ್ಮ ಉಬ್ಬಿ ಸೀಳಿತು. ಮೂರನೆಯದು ಹುಬ್ಬಿಗೆ ತಾಗಿತು. ಯಮನೂರ ತುಟಿ ಕಚ್ಚಿದ, ಆದರೆ ಎದೆ ಮುಂದೆ ಮಾಡಿಕೊಂಡೇ ನಿಂತ. ಪೊಲೀಸರು ಓಡಿಸಿ ನೋಡುತ್ತಾರೆ, ಕಂಪನಿಯವರು ಹೊಡೆದು ನೋಡುತ್ತಾರೆ. ಒಂದೊಂದು ಕಡೆ ಒಂದೊಂದು ಪದ್ಧತಿ. ಮುನಿರಾಜುವಿಗೆ ಇದು ಹಿಡಿಸಲಿಲ್ಲ. ಅವನ ಅನುಭವದಲ್ಲಿ ಏಟು ತಿಂದವನು ಕಾಲಿಗೆ ಬೀಳಬೇಕು, ಊರು ಬಿಡುತ್ತೇನೆನ್ನಬೇಕು. ಇವನು ಹುಬ್ಬಿನಿಂದ ರಕ್ತ ಇಳಿಯುತ್ತಿದ್ದರೂ ಅಟೆನ್ಷನ್‌ನಲ್ಲಿ ನಿಂತಿದ್ದಾನೆ.

"ಇನ್ನೂ ಐತೇನ್ರಿ?" ಎಂದು ಯಮನೂರ ವಿನಯದಿಂದ ಕೇಳಿದ.

"ಕೊಬ್ಬು ನೋಡ್ಲಾ ಇವಂಗೆ!" ಎಂದು ಮುನಿರಾಜು ಹೋಸು ಬಿಟ್ಟು ಕಾಲೆತ್ತಿದ. ಬೂಟು ಹೊಟ್ಟೆಗೆ ಬಿತ್ತು. ಯಮನೂರ ಮಂಡಿಯೂರಿದ. ನರಸಿಂಹಯ್ಯ ಕೂದಲು ಹಿಡಿದು ಮುಖ ಮೇಲೆತ್ತಿ ಎರಡೂ ಕೆನ್ನೆಗೆ ಬಾರಿಸುತ್ತ, "ಕೈ ಎತ್ತೀಯಾ? ಎತ್ತು ನೋಡೋಣ! ಎತ್ತೋ!" ಎಂದ.

ಆಗ ಯಮನೂರನಿಗೆ ಹೊಳೆಯಿತು. ನಿಂತು ಬಡಿಸಿಕೊಳ್ಳುವವನನ್ನು ಗೇಟಿಗೆ ಯಾರು ಇಟ್ಟುಕೊಳ್ಳುತ್ತಾರೆ? ಬರೆಯುವುದು ಮುಗಿದಿತ್ತು, ಇದು ಪ್ರಾಕ್ಟಿಕಲ್. ಸಾಹೇಬರು ಬಾಯಿಬಿಟ್ಟು ಕೇಳುತ್ತಿದ್ದಾರೆ, ತಾನು ಸುಮ್ಮನೆ ನಿಂತು ಫೇಲಾಗುತ್ತಿದ್ದೇನೆ. ಹುಟ್ಟಿದಾರಭ್ಯ ಯಾರಿಗೂ ಹೊಡೆದವನಲ್ಲ. ಪಕ್ಕದ ರ‍್ಯಾಕಿನಲ್ಲಿ ಕೈಗೆ ಸಿಕ್ಕಿದ್ದು ಮೊಳದುದ್ದದ ಉಕ್ಕಿನ ಸರಳು. ಕಣ್ಣು ಮುಚ್ಚಿ, ಬಾವಿ ಅಗೆಯುವಾಗ ಹಾರೆ ಬೀಸುವ ಹಾಗೆ ಬೀಸಿದ.

ನರಸಿಂಹಯ್ಯನ ದವಡೆ ಒಣಕೊಂಬೆ ಮುರಿದ ಸದ್ದು ಮಾಡಿತು. ಹಲ್ಲಿನ ಸೆಟ್ಟು ಹಾರಿ ಅಚ್ಚುಗಳ ಸಂದಿಗೆ ಬಿತ್ತು. ಅಡ್ಡ ಬಂದ ಮುನಿರಾಜುವಿನ ಮೊಣಕೈಗೆ ಎರಡನೇ ಏಟು. ದಾಂಡಿಗ ಬಾಗಿಲಿಗೆ ಅಂಟಿಕೊಂಡ. ಯಮನೂರ ಸರಳನ್ನು ತೆಗೆದ ಜಾಗದಲ್ಲೇ ಇಟ್ಟು, ಮತ್ತೆ ಅಟೆನ್ಷನ್‌ನಲ್ಲಿ ನಿಂತು, ಉಸಿರು ಬಿಡುತ್ತ ಕೇಳಿದ:

"ಸಾಕೇನ್ರಿ ಸರ?"

ಸರಳು ಇಟ್ಟದ್ದು ತಪ್ಪಾಯಿತು. ದಾಂಡಿಗ ಅದನ್ನೇ ಎತ್ತಿಕೊಂಡ. ಬಾಗಿಲು ತೆಗೆದು ಜನ ಒಳಗೆ ನುಗ್ಗುವ ಹೊತ್ತಿಗೆ ಯಮನೂರನ ಎಡ ಮುಂಗೈ, ಪಕ್ಕೆಯ ಮೂಳೆಗಳು, ಮೂಗು ಮುರಿದಿದ್ದವು. ನೆಲದ ಎಣ್ಣೆಯಲ್ಲಿ ರಕ್ತ ಬೆರೆಯದೆ ಬೇರೆಯಾಗಿ ಹರಿಯುತ್ತಿತ್ತು. ಹತ್ತು ಬೆರಳುಗಳಿಗೆ ಏನೂ ಆಗಿರಲಿಲ್ಲ.

ಸಂಜೆ ಬಾಲಾಜಿ ಧನಲಕ್ಷ್ಮಿಗೆ ಫೋನು ಮಾಡಿದ. ದನಿಯಲ್ಲಿ ಗಾಬರಿಗಿಂತ ಅಭಿಮಾನವೇ ಹೆಚ್ಚು. "ಮೇಡಂ, ಸಕ್ಕತ್! ನಿಮ್ಮ ಲೆಕ್ಕದಲ್ಲಿ ಫಸ್ಟ್ ಬಂದವನೇ ಹೊಡೆದುಬಿಟ್ಟ. ಸೂಪರ್‌ವೈಸರ್ ದವಡೆ ಚೂರು ಚೂರು!"

"ಯಾರು ಫಸ್ಟ್ ಬಂದವನು? ನಾನು ಹೆಸರೇ ಕೊಟ್ಟಿಲ್ಲವಲ್ಲ ಸಾರ್?"

"ನೀವ್ಯಾಕೆ ಕೊಡ್ಬೇಕು? ನಾನೇ ಹಾಕ್ದೆ. ಎಕ್ಸೆಲ್‌ನಲ್ಲಿ."

ಅವಳು ನರ್ಸಿಂಗ್ ಹೋಮಿಗೆ ಬಂದಾಗ ಯಮನೂರ ಒಂದು ಕಣ್ಣು ಮಾತ್ರ ತೆರೆಯಬಲ್ಲವನಾಗಿದ್ದ. ಆ ಕಣ್ಣು ಅವಳನ್ನು ಗುರುತಿಸಿತು. ಏಳಲು ಹೋಗಿ ಪಕ್ಕೆ ಹಿಡಿದುಕೊಂಡು ಮಲಗಿದ.

"ಮೇಡಂ, ಪಾಸಾದೆನೇನ್ರಿ?"

"ಎಂಥ ಪಾಸಪ್ಪ?"

"ಗೇಟಿನ ಕೆಲಸದ್ದರಿ. ಬರಿಯೂದು ನೀವು ತಗೊಂಡ್ರಿ, ಪ್ರಾಕ್ಟಿಕಲ್ ಅವರು ತಗೊಂಡ್ರು. ಮದಲ ಸ್ವಲ್ಪ ತಡಾ ಮಾಡಿದೆ ನೋಡ್ರಿ, ಅದಕ್ಕ ಮಾರ್ಕ್ಸ್ ಕಡಿಮಿ ಮಾಡ್ಯಾರೇನೋ."

ಪಕ್ಕದಲ್ಲಿ ಕೂತಿದ್ದ ಕಾಡಪ್ಪ ಉಳಿದದ್ದನ್ನು ಹೇಳಿದ. ಐದರ ಕಥೆ, ಹಾಲ್ ಟಿಕೆಟ್ಟಿನ ಕಥೆ, ಇಸ್ತ್ರಿಯ ಕಥೆ, ಬಟನ್ನಿಗೆ ಸುತ್ತಿದ ತಂತಿಯ ಕಥೆ; ತಂತಿಯ ಫೋಟೋ ಅವನ ಫೋನಿನಲ್ಲೇ ಇತ್ತು. ಹೇಳುತ್ತ ಅವನಿಗೇ ನಗು ಬಂತು, ಆಮೇಲೆ ಅಳು ಬಂತು, ಎರಡನ್ನೂ ಒಂದೇ ಕರ್ಚೀಫಿನಲ್ಲಿ ಒರೆಸಿಕೊಂಡ.

ಧನಲಕ್ಷ್ಮಿ ಮಂಚದ ಕಂಬಿ ಹಿಡಿದುಕೊಂಡಳು. ಅವಳ ಗೆರೆ ಸುಳ್ಳಾಗಿರಲಿಲ್ಲ, ಅದೇ ಸಂಕಟ. ಗಂಟೆ ಹೆಚ್ಚಾದಂತೆ, ರೂಮು ಇಕ್ಕಟ್ಟಾದಂತೆ ಏನೋ ಒಂದು ಏರುತ್ತಿತ್ತು, ಅದು ನಿಜ. ಅದು ಸಿಟ್ಟಾಗಿರಲಿಲ್ಲ. ಪ್ರೆಸ್ಸು ಬಿಟ್ಟು ಏಳುವ ಆಸೆಯಾಗಿತ್ತು. ಉದ್ದದ ಗೆರೆಗೆ ಸಿಟ್ಟು ಎಂದು ಅವಳು ಹಾಕಿದ ಹೆಸರು ತಪ್ಪು, ಅಷ್ಟೇ. ಆ ಹೆಸರಿಗೆ ಒಬ್ಬನ ಪಕ್ಕೆ ಮುರಿದಿತ್ತು.

ಮಾರನೆಯ ದಿನ ಬಾಲಾಜಿಯ ಕೋಣೆಯಲ್ಲಿ ಇದನ್ನೆಲ್ಲ ಹೇಳಿದಳು. ಅವನು ತಾಳ್ಮೆಯಿಂದ ಕೇಳಿದ.

"ಅಂದ್ರೆ ಇಷ್ಟೂ ಜನಕ್ಕೆ ಗೇಟಲ್ಲಿ ಕೂರ್ಬೇಕಾ? ಅಷ್ಟೊಂದು ಕುರ್ಚಿಗೆ ಎಲ್ಲಿಗ್ ಹೋಗ್ಲಿ ಮೇಡಂ?"

"ಸಾರ್, ಅವನು ಹೊಡೆದದ್ದು ನೀವು ಹೊಡೆಸಿದ್ದಕ್ಕೆ."

"ಹೊಡೆದ ತಾನೆ? ಲೆಕ್ಕ ಹೊಡೀತಾನೆ ಅಂತು, ಹೊಡೆದ. ನಾಳೆ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ."

"ಕೊಡಿ. ಡೈ ಸ್ಟೋರಲ್ಲಿ ಏನಾಯ್ತು ಅಂತ ನಾನೂ ಬರೆದು ಕೊಡ್ತೀನಿ. ಬಟನ್ನಿಗೆ ಸುತ್ತಿರೋ ತಂತಿ ಫೋಟೋನೂ ಫ್ಯಾಕ್ಟರಿ ಇನ್‌ಸ್ಪೆಕ್ಟರಿಗೆ ಕಳಿಸ್ತೀನಿ."

ಬಾಲಾಜಿ ಮೊದಲ ಬಾರಿಗೆ ಅವಳನ್ನು ಗೌರವದಿಂದ ನೋಡಿದ. ಲೆಕ್ಕಕ್ಕಿಂತ ಫೋಟೋ ಅವನಿಗೆ ಬೇಗ ಅರ್ಥವಾಗುತ್ತಿತ್ತು. ಕಂಪ್ಲೇಂಟು ಇಲ್ಲ, ಆಸ್ಪತ್ರೆಯ ಖರ್ಚು ಕಂಪನಿಯದು, ಯಮನೂರನ ಕೆಲಸ ಅವನಿಗೇ ಎಂದು ಒಪ್ಪಿದ. ಬೆಂಗಳೂರಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರೊಬ್ಬರು ಯಜಮಾನನನ್ನು ಸೋಲಿಸಿದ್ದು ಅಪರೂಪ. ಕಾಡಪ್ಪನ ಹೆಸರು ಎತ್ತುವುದು ಅವಳಿಗೆ ಮರೆತೇಹೋಯಿತು. ಪಟ್ಟಿಯಲ್ಲಿ ಎರಡನೆಯವನಾಗಿದ್ದ ಅವನನ್ನು ಅದೇ ವಾರ, ಏಟಿಲ್ಲದೆ, ಗೇಟಿನಾಚೆ ಕಳಿಸಿದರು.

ಮುಂಗೈಯ ಕಟ್ಟು ಬಿಚ್ಚಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಧನಲಕ್ಷ್ಮಿ ಒಳ್ಳೆಯ ಸುದ್ದಿ ಹೊತ್ತು ರಾಜಗೋಪಾಲನಗರಕ್ಕೆ ಹೋದಳು. ಓಣಿಯ ಕೊನೆಯಲ್ಲಿ ಮುನಿರಾಜುವಿನ ಸಾಲು ರೂಮುಗಳು. ಹೊರಗೆ ಅವನ ಸುಮೋ ನಿಂತಿತ್ತು. ಯಮನೂರ ಬಾಗಿಲಲ್ಲೇ ಸಿಕ್ಕಿದ. ಮೂಗು ಸ್ವಲ್ಪ ಎಡಕ್ಕೆ ವಾಲಿತ್ತು. ಹೊಸ ಶರ್ಟು ಹಾಕಿದ್ದ. ಕೈಯಲ್ಲಿ ಏನೋ ಉದ್ದನೆಯದನ್ನು ಹಿಡಿದಿದ್ದ. ಅದಕ್ಕೆ ಪೇಪರು ಸುತ್ತಿತ್ತು.

"ನಿಮ್ಮ ಕೆಲಸ ನಿಮಗೇ ಸಿಕ್ಕಿದೆ. ಸೋಮವಾರದಿಂದ ಬರಬಹುದಂತೆ," ಎಂದಳು.

"ಗೇಟಿಗೇನ್ರಿ?"

"ಇಲ್ಲ. ಮೊದಲಿನ ಕೆಲಸ. ಪ್ರೆಸ್ಸಿಗೆ."

ಯಮನೂರ ತನ್ನ ಬೆರಳುಗಳನ್ನು ನೋಡಿಕೊಂಡ. "ಬ್ಯಾಡ್ರಿ ಮೇಡಂ. ನಿಮ್ಮ ಉಪಕಾರ ಮರಿಯಂಗಿಲ್ರಿ. ಪ್ರೆಸ್ಸಿಗೆ ಮಾತ್ರ ಬ್ಯಾಡ. ಮುನಿರಾಜಣ್ಣ ಕೆಲಸ ಕೊಟ್ಟಾನ್ರಿ."

"ನಿಮ್ಮನ್ನ ಹೊಡೆದವನು?"

ಸುಮೋದಿಂದ ಮುನಿರಾಜು ಇಳಿದ. ಮೊಣಕೈ ಇನ್ನೂ ಜೋಳಿಗೆಯಲ್ಲಿತ್ತು. "ಬನ್ನಿ ಮೇಡಂ, ನಮಸ್ಕಾರ. ನಿಮ್ ಪರೀಕ್ಷೆಲಿ ಫಸ್ಟ್ ಬಂದೋನ್ನ ನಾನೇ ಇಟ್ಕೊಂಡೆ. ನಂದೊಂದಷ್ಟು ಸೈಟಿನ ತಕರಾರು ಐತೆ, ಸರ್ಜಾಪುರದ ಕಡೆ. ಇಂಥ ಏಟು ನಾನು ತಿಂದಿರ್ಲಿಲ್ಲ ಕಣ್ರೀ, ದೇವ್ರಾಣೆ. ಕೈಗೆ ಕಟ್ಟು ಹಾಕಿಸ್ಕೊಂಡು ಬಂದ್ಮೇಲೆ ಮೊದ್ಲು ವಿಚಾರಿಸಿದ್ದೇ ಇವನ್ನ."

"ಅವರಿಗೆ ಹೊಡೆಯೋಕೆ ಬರಲ್ಲ," ಎಂದಳು ಧನಲಕ್ಷ್ಮಿ. "ಅದು ಪರೀಕ್ಷೆ ಅಂದ್ಕೊಂಡು..."

"ಬರ್ತದೆ, ಬರ್ತದೆ. ಇವತ್ತಿಂದ್ಲೇ ಸುರು." ಮುನಿರಾಜು ರೂಮಿನೊಳಗೆ ಕೈ ತೋರಿದ. "ಒಳಗವ್ನೆ ನೋಡು ಕಾಡಪ್ಪ. ನನ್ ಕೈ ಕೆಳಗೆ ಕೆಲ್ಸ ಮಾಡೋರ್ಗೆ ಮಾತ್ರ ರೂಮು. ಅವನು ಮಾಡ್ತಿಲ್ಲ. ಹೋಗು ಅಂದ್ರೆ ಎಲ್ಲೋಗ್ಲಿ ಅಂತಾವ್ನೆ. ತೆಗಿ ಈಚೆಗೆ."

ಯಮನೂರ ಅಲ್ಲಾಡಲಿಲ್ಲ. ಒಳಗೆ ಕಾಡಪ್ಪ ಗೋಡೆಗೆ ಒರಗಿ, ಮೂರು ಬೆರಳಿನ ಕೈಯಲ್ಲಿ ಚಹದ ಲೋಟ ಹಿಡಿದು ಕೂತಿದ್ದ. ಎಲ್ಲ ಕೇಳಿಸಿತ್ತು ಅವನಿಗೆ.

"ಬಾ ಲೇ," ಎಂದು ಅವನೇ ಕರೆದ. ನಗುತ್ತಿದ್ದ. "ಎಲ್ಲಾದಕ್ಕೂ ಐದು ಬರ್ದ ಮಗನ. ಬಾ, ಎಬ್ಬಸು ನನ್ನ. ನಾ ಏಳಂಗಿಲ್ಲ."

"ಏಳೋ ಕಾಡಪ್ಪ. ಬ್ಯಾಡ."

"ಏಳಂಗಿಲ್ಲ. ಪ್ರಾಕ್ಟಿಕಲ್ ಮಾಡು."

ಯಮನೂರ ಒಳಗೆ ಹೋದ. ಪೇಪರು ಬಿಚ್ಚದೆಯೇ ಬೀಸಿದ. ಏಟು ಹೆಗಲಿಗೆ ಬಿತ್ತು, ಮೆಲ್ಲಗೆ ಬಿತ್ತು. ಲೋಟ ಉರುಳಿ ಚಹ ಚಾಪೆಯ ಮೇಲೆ ಹರಿಯಿತು. ಕಾಡಪ್ಪ ನಗುವುದನ್ನು ನಿಲ್ಲಿಸಲಿಲ್ಲ.

"ಏನ್ಲಾ ಅದು, ಸೊಳ್ಳೆ ವಡ್ದಂಗೆ?" ಎಂದ ಹೊರಗಿನಿಂದ ಮುನಿರಾಜು. "ನಂಗ್ ವಡ್ದೆಯಲ್ಲ, ಅಂಗ್ ವಡಿ! ಇಲ್ಲಾಂದ್ರೆ ನಾಳೆ ನೀನೂ ಪ್ರೆಸ್ಸಿಗೇ ಹೋಗು!"

ಎರಡನೇ ಏಟಿಗೆ ಪೇಪರು ಹರಿದು ಒಳಗಿನ ಉಕ್ಕಿನ ಸರಳು ಕಂಡಿತು. ಕಾಡಪ್ಪನ ನಗು ನಡುವೆಯೇ ತುಂಡಾಯಿತು. ಅವನು ಕೈ ಅಡ್ಡ ಹಿಡಿದ. ಬೆರಳು ಹೋದ ಕೈಯನ್ನೇ ಹಿಡಿದ. ಮೂರನೆಯದು ಅದರ ಮೇಲೆ ಬಿತ್ತು. ಹಳೆಯ ಹೊಲಿಗೆ ಬಿಟ್ಟು ರಕ್ತ ಗೋಡೆಯ ಸುಣ್ಣಕ್ಕೆ ಸಿಡಿಯಿತು.

ಧನಲಕ್ಷ್ಮಿ ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಒಳಗೆ ನುಗ್ಗಿ ಇಬ್ಬರ ನಡುವೆ ನಿಂತಿದ್ದಳು. ಯಮನೂರನ ಮುಖ ಅವಳಿಂದ ಒಂದು ಮೊಳ ದೂರದಲ್ಲಿತ್ತು. ಅದರಲ್ಲಿ ಸಿಟ್ಟು ಹುಡುಕಿದಳು. ಹುಬ್ಬು ಗಂಟಾಗಿರಲಿಲ್ಲ, ಕಣ್ಣು ಕೆಂಪಾಗಿರಲಿಲ್ಲ. ಪ್ರೆಸ್ಸಿನ ಮುಂದೆ ಕೂತವನು ತಗಡಿನ ಅಂಚು ನೋಡುವಂತೆ ಅವನು ಕಾಡಪ್ಪ ಇರುವ ಜಾಗವನ್ನು ನೋಡುತ್ತಿದ್ದ. ಸರಳು ಮೇಲಕ್ಕೆ ಎತ್ತಿಯೇ ಇತ್ತು.

"ಸ್ವಲ್ಪ ಸರೀರಿ ಮೇಡಂ," ಎಂದ ಯಮನೂರ, ತುಂಬ ಮರ್ಯಾದೆಯಿಂದ. "ನಿಮಗ ತಾಗೀತು."

ಧನಲಕ್ಷ್ಮಿ ಸರಿದಳು.